ಜೋಡಿ ಕಟ್ಟುವವರು ಯಾರು?

ಮಾಗಡಿಯ ಸೀಮೆಯಲ್ಲಿ ಕಲ್ಯ ಎಂಬ ಗ್ರಾಮವೊಂದುಂಟು. ನಮ್ಮ ನಾಡಿನ ಚರಿತ್ರೆಯನ್ನು ಓದಿದವರಿಗೆ ಆ ಹೆಸರು ಹೊಸದಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು ತೀರ್ಮಾನಿಸಿದ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಅಲ್ಲಿಯೂ ದೊರೆತಿದೆ. ಒಂದು ಪಕ್ಷ ಪ್ರಬಲವಾದುದು, ಇನ್ನೊಂದು ದುರ್ಬಲವಾದುದು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಇಬ್ಬರಿಗೂ ಭೇದವಿಲ್ಲವೆಂದು ಸಾರಿದನು.

ಕೆಲವು ವಿದ್ಯಾರ್ಥಿಗಳೊಡನೆ ನಾನು ಆ ಊರಿಗೆ ಹೋಗಿದ್ದಾಗ ಈ ಸಂಗತಿಯನ್ನೇ ವಿವರಿಸುತ್ತಿದ್ದೆನು. ಮರದ ನೆರಳಿನಲ್ಲಿ ವೃದ್ಧರೊಬ್ಬರು ಕುಳಿತಿದ್ದರು. ಮುರುಟಿದ ಕಿವಿಗಳೇ ಅವರು ಹಳೆಯ ಪೈಲ್ವಾನರೆಂದು ಹೇಳುತ್ತಿದ್ದುವು. ಅವರು ನಕ್ಕು, “ನಮ್ಮಲ್ಲಿ ಜೋಡಿ ಕಟ್ಟೋದೂ ಹಂಗೇ ಮೇಷ್ಟ್ರೇ. ಹಿರೀಕರು ಇಬ್ಬರ ಕೈನೂ ಹಿಡಿದು ಸೇರಿಸ್ತಾರೆ. ಆಮೇಲೆ ಒಲ್ಲೆ ಅನ್ನೋ ಹಂಗಿಲ್ಲ” ಎಂದರು. ನನ್ನ ವಿದ್ಯಾರ್ಥಿಯೊಬ್ಬನು ಅಮೆರಿಕದ ಮುಷ್ಟಿಮಲ್ಲರ ಮಾತನ್ನೆತ್ತಿ, ಒಂದೇ ಸಂಜೆಯ ಆಟಕ್ಕೆ ಅವರಿಗೆ ಕೋಟಿಗಟ್ಟಲೆ ಹಣ ಬರುವುದನ್ನು ತಿಳಿಸಿದನು. ವೃದ್ಧರು ಹಣದ ಮಾತಿಗೆ ಬೆರಗಾಗಲಿಲ್ಲ. “ಅವರಿಗೆ ಜೋಡಿ ಯಾರು ಕಟ್ತಾರೆ?” ಎಂದು ಕೇಳಿದರು. “ಅವರೇ ಕಟ್ಟಿಕೊಳ್ಳುತ್ತಾರೆ, ಯಜಮಾನರೆ, ಅವರ ವ್ಯವಹಾರವನ್ನು ನೋಡಿಕೊಳ್ಳುವವರೂ ಇರುತ್ತಾರೆ” ಎಂದೆನು. “ಹಂಗಾದ್ರೆ ತಮ್ಮನ್ನ ಗೆಲ್ಲೋನನ್ನ ಯಾರು ತಾನೇ ಕರ್ಕೊಂತಾರೆ?” ಎಂದು ಅವರು ಮತ್ತೆ ಕೇಳಿದರು. ಅಂದು ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಈ ಹೊತ್ತಿನ ಭಾಷಣವು ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ.

ಮೊದಲು ನಮ್ಮ ಪದ್ಧತಿಯನ್ನು ನೋಡೋಣ. ಮೈಸೂರಿನ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯವು ನಡೆಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ನಾನಾ ಊರುಗಳ ಗರಡಿಗಳಿಂದ ಪೈಲ್ವಾನರು ಬಂದು ನೆರೆಯುತ್ತಾರೆ. ಅನುಭವಶಾಲಿಗಳಾದ ಹಿರಿಯರು ಮೈಕಟ್ಟು, ತೂಕ, ವಯಸ್ಸು, ಹಿಂದಿನ ಗೆಲವುಗಳು ಇವನ್ನೆಲ್ಲ ತೂಗಿನೋಡಿ, ಇವನಿಗೆ ಇವನು ಎಂದು ಗೊತ್ತುಮಾಡುತ್ತಾರೆ. ಈ ವಿವೇಕ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರನ್ನು ಅವರವರ ಯೋಗ್ಯತೆಗೆ ತಕ್ಕಂತೆ ವರ್ಗ ವರ್ಗವಾಗಿ ವಿಂಗಡಿಸಿದೆ. ಅವರ ಆಹಾರ ಪೋಷಣೆಗಳ ವಿಚಾರವೂ ಬಂದಿದೆ.

ಪಾಶ್ಚಾತ್ಯರ ಮುಷ್ಟಿಯುದ್ಧಕ್ಕೆ ಇನ್ನೂ ಸಮೀಪವಾದುದು ನಮ್ಮ ಜೆಟ್ಟಿಗಳ ವಜ್ರಮುಷ್ಟಿ ಕಾಳಗ. ವಿಜಯದಶಮಿಯ ದಿನ ಜಂಬೂಸವಾರಿಗೆ ಮೊದಲು, ಮೈಸೂರಿನ ಅರಮನೆಯ ಆವರಣದಲ್ಲಿ, ತಲೆ ಬೋಳಿಸಿಕೊಂಡ ಜೆಟ್ಟಿಗಳು ವಜ್ರನಖವನ್ನು ಬೆರಳುಗಳಿಗೆ ತೊಟ್ಟು ಎದುರುಬದುರಾಗಿ ನಿಲ್ಲುತ್ತಾರೆ. ಮೈಸೂರು, ಬೆಂಗಳೂರು, ಚಾಮರಾಜನಗರಗಳ ಜೆಟ್ಟಿಗಳಂತೆ ನಮ್ಮ ಚನ್ನಪಟ್ಟಣದ ಜೆಟ್ಟಿಗಳೂ ಈ ಕಾಳಗಕ್ಕೆ ಬರುವುದು ವಾಡಿಕೆ. ಒಬ್ಬನ ತಲೆಯಿಂದ ರಕ್ತದ ಹನಿ ಕಾಣಿಸಿಕೊಂಡೊಡನೆ ಕಾಳಗ ಮುಗಿಯಿತು. ಜೋಡಿಯನ್ನು ಗೊತ್ತುಮಾಡುವವರು ಕುಲದ ಹಿರಿಯರು. ಎದುರಾಳಿ ಬಲಶಾಲಿಯೆಂದು ಒಬ್ಬನು ಹಿಂಜರಿಯುವಂತಿಲ್ಲ. ದುರ್ಬಲನೆಂದು ಇನ್ನೊಬ್ಬನು ಹಾರೈಸಿ ಪಡೆಯುವಂತಿಲ್ಲ. ಎದುರಾಳಿಯನ್ನು ಆರಿಸಿಕೊಳ್ಳುವ ಧೈರ್ಯವು ಅಲ್ಲಿ ಬೇಕಾಗಿಯೇ ಇಲ್ಲ. ಎದುರಿಗೆ ನಿಂತವನನ್ನು ಎದುರಿಸುವ ಧೈರ್ಯವಿದ್ದರೆ ಸಾಕು.

ಇವೆರಡೂ ಬೇರೆ ಬೇರೆ ಧೈರ್ಯಗಳೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಹಣಕ್ಕಾಗಿ ಮುಷ್ಟಿಯುದ್ಧ ಮಾಡುವವನು ಹೇಡಿಯೆಂದು ಯಾರೂ ಹೇಳಲಾರರು. ಸಾವಿರಾರು ಜನರ ಮುಂದೆ ಮುಖಕ್ಕೆ ಪೆಟ್ಟು ತಿನ್ನಲು ನಿಲ್ಲುವುದೇ ದೊಡ್ಡ ಧೈರ್ಯ. ಆದರೆ ಯಾರ ಪೆಟ್ಟಿಗೆ ಮುಖವನ್ನೊಡ್ಡಬೇಕೆಂಬುದನ್ನು ಅವನೂ ಅವನ ಮ್ಯಾನೇಜರೂ ಮೊದಲೇ ಒಂದು ಕೊಠಡಿಯಲ್ಲಿ ಕುಳಿತು ಲೆಕ್ಕ ಹಾಕುತ್ತಾರೆ. ಧೈರ್ಯಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಆ ಕೊಠಡಿಯಲ್ಲಿ.

ಈ ಲೆಕ್ಕದ ಚರಿತ್ರೆ ವಿಚಿತ್ರವಾದುದು. ಅಮೆರಿಕದ ಜಾನ್ ಸಲ್ಲಿವನ್ ಎಂಬ ಪ್ರಖ್ಯಾತ ಮುಷ್ಟಿಮಲ್ಲನು ಪೀಟರ್ ಜಾಕ್ಸನ್ ಎಂಬ ಕರಿಯನೊಡನೆ ಹೋರಾಡಲು ಒಪ್ಪಲಿಲ್ಲ. ಕರಿಯರೊಡನೆ ಕಣಕ್ಕಿಳಿಯುವುದಿಲ್ಲವೆಂಬುದು ಅವನು ಕೊಟ್ಟ ಕಾರಣ. ಅವನ ಬಳಿಕ ಬಂದ ಜೆಫ್ರೀಸನೂ ಪಟ್ಟದಲ್ಲಿದ್ದಷ್ಟು ಕಾಲ ಜಾಕ್ ಜಾನ್ಸನ್ನನಿಗೆ ಅವಕಾಶ ಕೊಡಲಿಲ್ಲ. ಸೋಲಬಹುದೆಂಬ ಅಂಜಿಕೆಗೆ ವರ್ಣಾಭಿಮಾನವು ಒಳ್ಳೆಯ ಹೊದಿಕೆಯಾಯಿತು. ಆ ಹೊದಿಕೆಯನ್ನು ಕಿತ್ತದ್ದು ಯಾವುದು? ನ್ಯಾಯಬುದ್ಧಿಯಲ್ಲ, ಹಣ! ಹದಿಮೂರು ಮಕ್ಕಳ ಬಡಕುಟುಂಬದಿಂದ ಬಂದ ಟಾಮಿ ಬರ್ನ್ಸ್ ಎಂಬ ಕೆನಡದವನು ಆಗ ಪಟ್ಟದಲ್ಲಿದ್ದನು. ಜಾನ್ಸನ್ ಅವನನ್ನು ಇಂಗ್ಲೆಂಡಿಗೂ ಅಲ್ಲಿಂದ ಆಸ್ಟ್ರೇಲಿಯಕ್ಕೂ ಬೆನ್ನಟ್ಟಿಹೋದನು. 30,000 ಡಾಲರು ಕೊಟ್ಟರೆ ಆಡುತ್ತೇನೆಂದು ಬರ್ನ್ಸ್ ಹೇಳಿದನು. ಆಸ್ಟ್ರೇಲಿಯದ ವರ್ತಕನೊಬ್ಬನು ಆ ಹಣವನ್ನು ಒದಗಿಸಿದನು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಕಾಳಗ ನಡೆದು, ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸಿನವರೇ ಅದನ್ನು ನಿಲ್ಲಿಸಬೇಕಾಯಿತು. ಜಾನ್ಸನ್ ಗೆದ್ದನು, ಅವನಿಗೆ ಸಿಕ್ಕಿದ್ದು 5,000 ಡಾಲರು. ಸೋತವನಿಗೆ ಗೆದ್ದವನ ಆರರಷ್ಟು! ಬರ್ನ್ಸ್ ಹಣದಾಸೆಯಿಂದ ಆಡಿದನೆಂದು ನಗುವುದು ಸುಲಭ. ಆದರೆ ಅಭಿಮಾನದ ಮಾತನಾಡಿದವರು ಮಾಡದ ಕೆಲಸವನ್ನು ಅವನು ಮಾಡಿದನು.

ಇನ್ನು ಜಾನ್ಸನ್ನನ ಸಂಗತಿ. ಅವಕಾಶಕ್ಕಾಗಿ ಭೂಮಂಡಲವನ್ನೇ ಸುತ್ತಿದ ಆತನು ಪಟ್ಟವೇರಿದ ಮೇಲೆ ಏನು ಮಾಡಿದನು? ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಮತ್ತೊಬ್ಬ ಕರಿಯನು, ಆ ಕಾಲದ ಅತ್ಯಂತ ಸಮರ್ಥರಲ್ಲಿ ಒಬ್ಬನು, ಬಾಗಿಲಲ್ಲಿ ಕಾಯುತ್ತಿದ್ದನು. 1906ರಲ್ಲಿ ಜಾನ್ಸನ್ ಅವನನ್ನು ಒಮ್ಮೆ ಗೆದ್ದಿದ್ದುದು ನಿಜ. ಆದರೆ 1915ರಲ್ಲಿ ಪಟ್ಟವನ್ನು ಕಳೆದುಕೊಳ್ಳುವವರೆಗೂ ಅವನಿಗೆ ಮತ್ತೆ ಅವಕಾಶ ಕೊಡಲಿಲ್ಲ. ಇಬ್ಬರು ಕರಿಯರ ಆಟಕ್ಕೆ ಜನ ಹಣ ಕೊಡಲಾರರೆಂಬುದು ಅವನ ಪರವಾಗಿ ಹೇಳಬಹುದಾದ ಸಮಾಧಾನ. ಬಾಗಿಲನ್ನು ತೆರೆದ ಹಣವೇ ಬಾಗಿಲನ್ನು ಮುಚ್ಚಿತು.

1919ರಿಂದ 1926ರವರೆಗೆ ಪಟ್ಟದಲ್ಲಿದ್ದ ಡೆಂಪ್ಸಿಯು 1921ರಲ್ಲಿ ತನಗಿಂತ ಹಗುರನಾದ ಫ್ರಾನ್ಸಿನ ಕಾರ್ಪೆಂಟಿಯರನನ್ನು ನಾಲ್ಕನೆಯ ಸುತ್ತಿನಲ್ಲಿ ಉರುಳಿಸಿದನು. ಒಂದು ಮುಷ್ಟಿಯುದ್ಧಕ್ಕೆ ಹತ್ತು ಲಕ್ಷ ಡಾಲರಿಗೆ ಮೀರಿ ಟಿಕೆಟ್ಟಿನ ಹಣ ಕೂಡಿದ್ದು ಅದೇ ಮೊದಲು. ಹ್ಯಾರಿ ವಿಲ್ಸ್ ಎಂಬ ಕರಿಯನೊಡನೆ ಮಾತ್ರ ಒಪ್ಪಂದಕ್ಕೆ ರುಜುವಾದರೂ ಆಟ ನಡೆಯಲೇ ಇಲ್ಲ. ನಮ್ಮ ಕಾಲದಲ್ಲಿ ಮೇವೆದರ್ ಮತ್ತು ಪಕ್ಯಾವ್ ಎಂಬಿಬ್ಬರ ಕಾಳಗಕ್ಕೆ 2009ರಲ್ಲಿ ಮಾತುಕತೆ ಮೊದಲಾಯಿತು; ಕಾಳಗ ನಡೆದದ್ದು 2015ರ ಮೇ 2ರಂದು. ಅಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36 ವರ್ಷ. ಇಬ್ಬರ ಕಸುವೂ ಇಳಿದಿತ್ತು, ಕಾದಷ್ಟೂ ಬೆಲೆ ಮಾತ್ರ ಏರಿತ್ತು. ಅಮೆರಿಕದಲ್ಲಿಯೇ ನಲವತ್ತಾರು ಲಕ್ಷ ಮಂದಿ ಮನೆಯಲ್ಲಿ ಕುಳಿತು ನೋಡಲು ಹಣ ತೆತ್ತರೆಂದರೆ ಅದರ ಅಗಾಧತೆಯನ್ನು ನೀವೇ ಊಹಿಸಬಹುದು.

ಹಾಗಾದರೆ ಹಣವು ಧೈರ್ಯವನ್ನು ಕೊಲ್ಲುವುದೆನ್ನೋಣವೆ? ಅಷ್ಟು ಸುಲಭವಾಗಿ ತೀರ್ಪು ಕೊಡಲು ನನಗೆ ಮನಸ್ಸು ಬಾರದು. ನಮ್ಮ ರಣಧೀರ ಕಂಠೀರವ ನರಸರಾಜ ಒಡೆಯರ ಕಥೆಯನ್ನು ನೆನೆಯಿರಿ. 1638ರಲ್ಲಿ ಸಿಂಹಾಸನವೇರುವುದಕ್ಕೆ ಮೊದಲು ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿ ಗರ್ವದಿಂದ ಮೆರೆಯುತ್ತಿದ್ದ ಮಲ್ಲನೊಬ್ಬನನ್ನು ಜಯಿಸಿ, ಬಹುಮಾನಕ್ಕೂ ಕಾಯದೆ ಹಿಂದಿರುಗಿದರೆಂದು ಐತಿಹ್ಯವಿದೆ. ಕೇಳಿದರೆ ಮೈ ಜುಮ್ಮೆನ್ನುವ ಕಥೆ. ಆದರೆ ಅವರು ರಾಜಕುಮಾರರು. ಸೋತು ಬದುಕಿ ಬಂದಿದ್ದರೂ ಊಟಕ್ಕೆ ಕೊರತೆಯಿರಲಿಲ್ಲ. ದೇಹವೊಂದನ್ನೇ ಬಂಡವಾಳವಾಗಿ ಉಳ್ಳವನಿಗೆ ಸೋಲೆಂದರೆ ಮಾನಹಾನಿ ಮಾತ್ರವಲ್ಲ, ಬೆಲೆಯ ಇಳಿತ. ಮುಂದಿನ ವರ್ಷದ ಅನ್ನ. ಅವನು ಎಚ್ಚರದಿಂದ ಲೆಕ್ಕ ಹಾಕಿದರೆ, ಹೊಟ್ಟೆ ತುಂಬಿದ ನಾವು ಅವನನ್ನು ಹೇಡಿಯೆಂದು ಜರಿಯುವುದು ನ್ಯಾಯವಲ್ಲ.

ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ, ಈತನು ಧೀರನೆ ಎಂಬುದಲ್ಲ. ಈತನ ಸೋಲಿನ ವೆಚ್ಚವನ್ನು ಹೊರುವವರು ಯಾರು ಎಂಬುದು. ಅರಮನೆ ಹೊತ್ತಿತು, ಊರು ಹೊತ್ತಿತು, ಗರಡಿ ಹೊತ್ತಿತು ಎಂದರೆ, ಹಿರಿಯರು ಜೋಡಿ ಕಟ್ಟಬಹುದು. ಮಲ್ಲನು ಒಲ್ಲೆನೆನ್ನದೆ ನಿಲ್ಲಬಹುದು. ಇಡೀ ವೆಚ್ಚ ಒಬ್ಬನ ಹೆಗಲ ಮೇಲೆಯೇ ಬಿದ್ದರೆ ಅವನು ವ್ಯಾಪಾರಿಯಾಗಲೇಬೇಕು. ಇಷ್ಟಾದರೂ ಒಂದು ಮಿತಿಯುಂಟು. ಮೊಮ್ಮಕ್ಕಳ ಕಾಲಕ್ಕೂ ಸಾಲುವಷ್ಟು ಗಳಿಸಿದ ಮೇಲೂ ಸಮಬಲನನ್ನು ತಪ್ಪಿಸಿಕೊಂಡು ತಿರುಗುವವನಿಗೆ ಹಸಿವು ಎಂಬ ಕಾರಣ ಸಲ್ಲದು. ಅಲ್ಲಿಂದ ಮುಂದೆ ಅದು ಬರಿಯ ಅಂಜಿಕೆ. ಲೆಕ್ಕದ ಪುಸ್ತಕವು ಅದಕ್ಕೆ ಮರ್ಯಾದೆಯ ಮುಖವಾಡ ಕೊಡುತ್ತದೆ, ಅಷ್ಟೆ.

ನಾವಾದರೂ ಎಷ್ಟು ಮೇಲು? ತರಗತಿಯಲ್ಲಿ ಉತ್ತರ ಬಲ್ಲ ಪ್ರಶ್ನೆಯನ್ನೇ ಎತ್ತುವ ಅಧ್ಯಾಪಕನೂ, ಸಭೆಯಲ್ಲಿ ಪ್ರತಿಪಕ್ಷದ ಅತ್ಯಂತ ದುರ್ಬಲ ವಾದವನ್ನೇ ಆರಿಸಿ ಖಂಡಿಸುವ ವಿದ್ವಾಂಸನೂ ತಮ್ಮ ಜೋಡಿಯನ್ನು ತಾವೇ ಕಟ್ಟಿಕೊಂಡವರೇ. ನಾನೂ ಹಾಗೆ ಮಾಡಿದ್ದುಂಟು.

ಕಲ್ಯದಿಂದ ಹೊರಡುವಾಗ ಆ ವೃದ್ಧರನ್ನು, “ನೀವು ಎಂದಾದರೂ ಜೋಡಿ ಬೇಡವೆಂದದ್ದುಂಟೆ?” ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಒಂದು ಸಲ. ಅಪ್ಪ ತೀರ್ಕೊಂಡಿದ್ದ ವರ್ಷ. ನನ್ನ ತೋಳು ಮುರಿದಿದ್ರೆ ಆರು ಹಿಡಿಯೋರು ಯಾರೂ ಇರಲಿಲ್ಲ. ಹಿರೀಕರು ತಪ್ಪು ಅನ್ನಲಿಲ್ಲ. ಆದ್ರೂ ಮೇಷ್ಟ್ರೇ, ಸೋತ ಕುಸ್ತಿ ಎಲ್ಲಾ ಮರೆತೋಗದೆ. ಆಡದೆ ಬಿಟ್ಟಿದ್ದು ಅದೊಂದೇ ಇನ್ನೂ ನೆನಪಾಗ್ತದೆ.”

ಅವರು ಮಾಡಿದ್ದು ತಪ್ಪೆಂದು ನಾನೂ ಹೇಳಲಾರೆ. ಆದರೆ ಅದನ್ನು ಮರೆಯದೆ ಇಟ್ಟುಕೊಂಡಿದ್ದರಲ್ಲ, ಅವರ ಧೈರ್ಯ ಉಳಿದಿದ್ದುದು ಅಲ್ಲಿ ಎಂದು ನನಗೆ ತೋರುತ್ತದೆ.