ಮರಳುಗಾಡಿನ ಮಂಜುಗಡ್ಡೆ

ಜುಲೈ ತಿಂಗಳಲ್ಲಿ ಬಹ್ರೇನ್‌ನ ಸನದ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಇಂಥ ಕೊಲ್ಲಿಯಿಂದಲೇ ಫಿಗರ್ ಸ್ಕೇಟಿಂಗ್‌ನ ಮಂಜುಗಡ್ಡೆಯ ಕಣಕ್ಕಿಳಿದವರು ಅಬುಧಾಬಿಯ ಝಹ್ರಾ ಲಾರಿ. 2012ರಲ್ಲಿ ಇಟಲಿಯಲ್ಲಿ ಹಿಜಾಬ್ ತೊಟ್ಟು ಸ್ಪರ್ಧಿಸಿದಾಗ ತಲೆವಸ್ತ್ರಕ್ಕಾಗಿ ಅವರ ಅಂಕ ಕಡಿತವಾಯಿತು. ಅವರು ತಮ್ಮ ಮಾತನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಮುಂದಿಟ್ಟರು. ಮುಂದೆ ಆ ಕಡಿತ ನಿಂತಿತು.

ಸ್ಕೇಟಿಂಗ್‌ನಲ್ಲಿ ಇಂಥ ಸಣ್ಣ ದೇಶದ ರಾಷ್ಟ್ರೀಯ ಚಾಂಪಿಯನ್ ಎಂದರೆ ಕೆಲವರಿಗೆ ನಗು. ಸ್ಪರ್ಧಿಸಿದ್ದೇ ಒಬ್ಬಳು, ಗೆದ್ದವಳೂ ಅವಳೇ ಅಂತ! ಆದರೆ ಈ ಆಟದ ಲೆಕ್ಕವೇ ಬೇರೆ. ಪ್ರತಿ ನೆಗೆತಕ್ಕೆ, ಪ್ರತಿ ಗಿರಕಿಗೆ ನಿಗದಿತ ಮೂಲ ಅಂಕ. ಅದನ್ನು ಎಷ್ಟು ಚೆನ್ನಾಗಿ ಮಾಡಿದಿರಿ ಎಂಬುದಕ್ಕೆ ಅದರ ಮೇಲೆ ಕೂಡು-ಕಳೆ. ಬೂಟಿನಡಿ ಸುಮಾರು ನಾಲ್ಕು ಮಿಲಿಮೀಟರ್ ಅಗಲದ ಅಲಗು, ನಡುವೆ ಸಣ್ಣ ತೋಡು, ಇಕ್ಕೆಲಕ್ಕೆ ಎರಡು ಅಂಚು. ತಪ್ಪು ಅಂಚಿನಿಂದ ನೆಗೆದರೂ ಅಂಕ ಹೋಗುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಸೋಲಲು ಜಾಗ ಬೇಕಾದಷ್ಟಿದೆ. ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಲು ದೇಶದ ಪದಕ ಸಾಲದು, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕನಿಷ್ಠ ತಾಂತ್ರಿಕ ಅಂಕ ಗಳಿಸಿರಲೇಬೇಕು.

ಒಬ್ಬರೇ ಆಡುವ ಕೊರಗಿಗೂ ದಾರಿಯಿದೆ. ಜೆಕ್, ಸ್ಲೊವಾಕಿಯಾ, ಪೋಲೆಂಡ್, ಹಂಗೇರಿ ದೇಶಗಳು ಒಂದೇ ಕಣದಲ್ಲಿ ಒಟ್ಟಿಗೆ ಚಾಂಪಿಯನ್‌ಶಿಪ್ ನಡೆಸಿ, ಕೊನೆಗೆ ಫಲಿತಾಂಶವನ್ನು ದೇಶವಾರು ಬೇರ್ಪಡಿಸಿಕೊಳ್ಳುತ್ತವೆ. ಜಾಣತನವೇ! ಕೊಲ್ಲಿಯ ಪುಟ್ಟ ದೇಶಗಳೂ ಹೀಗೆ ಕೂಡಿ ಆಡಬಹುದು.

ಈ ಬೇಸಿಗೆಯಲ್ಲಿ ಮಕ್ಕಳನ್ನು ಐಸ್ ರಿಂಕ್‌ಗೆ ಕರೆದೊಯ್ಯುವುದಿದ್ದರೆ ಕಾಲುಚೀಲ, ಕೈಗವಸು ಹಾಕಿಸಿ. ಬಿದ್ದರೆ ಬೀಳಲಿ ಬಿಡಿ. ಅಲ್ಲಿ ಮೊದಲ ಪಾಠವೇ ಬೀಳುವುದನ್ನು ಕಲಿಯುವುದು.