ಬಂಗು, ಬದನೆಕಾಯಿ ಮತ್ತು ರಸಾಯನಶಾಸ್ತ್ರ



ಬೆಳ್ಳಟ್ಟಿಯ ಈ ಶಾಲೆಯಲ್ಲಿ ವಿಜ್ಞಾನ ಕಲಿತ ನಾನು ಈಗ ಔಷಧ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಚರ್ಮದ ಕಪ್ಪು ಕಲೆ ತಿಳಿಯಾಗಿಸುವ ಸಂಯುಕ್ತಗಳ ಹುಡುಕಾಟ ನನ್ನ ಕ್ಷೇತ್ರ. ಮುಖದ ಮೇಲೆ ಮೂಡುವ ಅಂಥ ಕಲೆಯನ್ನೇ ನಾವು ಬಂಗು ಎನ್ನುತ್ತೇವೆ.

ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆ. ಅದಕ್ಕೇ ಅವ್ವ ಅದನ್ನು ನೀರಿನಲ್ಲಿ ಹಾಕುತ್ತಾಳೆ. ಕಪ್ಪಾಗಿಸುವುದು ತಾಮ್ರದ ಅಂಶವುಳ್ಳ ಒಂದು ಕಿಣ್ವ. ಅದರ ಬಳಗದ್ದೇ ಆದ ಟೈರೊಸಿನೇಸ್ ಎಂಬ ಕಿಣ್ವ ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸಲು ಬೇಕು. ಮೆಲನಿನ್ ಶತ್ರುವಲ್ಲ, ಹೊಲದ ಬಿಸಿಲಿನಲ್ಲಿ ನಮ್ಮನ್ನು ಕಾಯುವ ಕೊಡೆ. ಬಿಸಿಲು, ಬಸಿರು, ಹಾರ್ಮೋನಿನ ಏರುಪೇರುಗಳಿಂದ ಅದು ಕೆಲವೆಡೆ ಅತಿಯಾದಾಗ ಬಂಗು ಮೂಡುತ್ತದೆ.

ಆ ಕಿಣ್ವಕ್ಕೆ ಕಡಿವಾಣ ಹಾಕುವ ಸಂಯುಕ್ತ ನಮಗೆ ಬೇಕು. ಬೂಷ್ಟಿನಿಂದ ಸಿಗುವ ಕೋಜಿಕ್ ಆಮ್ಲ 1907ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ಅದು ಕಿಣ್ವದ ತಾಮ್ರವನ್ನೇ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಸಾಮಿ-ಸಬಿನ್ಸಾ ಸಂಸ್ಥೆ ನಮ್ಮ ಹೊನ್ನೆಮರದ ತಿರುಳಿನ ಟೆರೊಸ್ಟಿಲ್ಬೀನನ್ನು ಇದೇ ಉದ್ದೇಶಕ್ಕೆ ತಂದಿದೆ. ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಪರೀಕ್ಷೆ ಅಣಬೆಯ ಕಿಣ್ವದ ಮೇಲೆ ನಡೆಯುತ್ತದೆ. ಅಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದುಂಟು. ಅದಕ್ಕಾಗಿಯೇ ಜರ್ಮನಿಯ ವಿಜ್ಞಾನಿಗಳು ಮಾನವ ಕಿಣ್ವದ ಮೇಲೆಯೇ 50,000 ಸಂಯುಕ್ತಗಳನ್ನು ಜರಡಿ ಹಿಡಿದು, ಥಯಾಮಿಡಾಲ್ ಎಂಬುದನ್ನು ಆರಿಸಿದರು. ಆ ವರದಿ 2018ರಲ್ಲಿ ಪ್ರಕಟವಾಯಿತು.

ಇಷ್ಟು ಶ್ರಮಪಟ್ಟು ತಂದ ಔಷಧಿಗೂ ಕಲೆ ತಿಳಿಮಾಡಲು ವಾರಗಳು, ತಿಂಗಳುಗಳು ಬೇಕು. ಹಾಗಿರುವಾಗ ನಾಲ್ಕೇ ದಿನದಲ್ಲಿ ಬೆಳ್ಳಗಾಗಿಸುವ ಟ್ಯೂಬನ್ನು ಅನುಮಾನದಿಂದ ನೋಡಿರಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ವೈದ್ಯರೂ ಬಂಗಿಗೆ ಸ್ಟೀರಾಯ್ಡ್ ಬೆರೆತ ಮುಲಾಮು ಬರೆಯುತ್ತಾರೆ, ಆದರೆ ಕೆಲವೇ ವಾರಗಳಿಗೆ, ತಮ್ಮ ಕಣ್ಣಳತೆಯಲ್ಲಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ, ಕೂದಲು ಏಳುತ್ತವೆ, ಬಿಟ್ಟರೆ ಮುಖ ಉರಿಯುತ್ತದೆ. ಆದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನೆರೆಮನೆಯವರ ಟ್ಯೂಬು, ಅಂಗಡಿಯವರ ಸಲಹೆ ಎರಡೂ ಬೇಡ.

ತಾಯಂದಿರೇ, ಬಿಸಿಲಿಗೆ ಸೆರಗು ಮರೆಮಾಡದೆ ಯಾವ ಔಷಧಿಯೂ ನಿಲ್ಲದು. ಮಕ್ಕಳೇ, ನಮ್ಮ ವಿಜ್ಞಾನ ಕಲೆಗೆ ಮದ್ದು ಹುಡುಕುತ್ತಿದೆ. ಹುಟ್ಟಿನಿಂದ ಬಂದ ಮೈಬಣ್ಣ ರೋಗವಲ್ಲ, ಅದಕ್ಕೆ ಮದ್ದೂ ಬೇಕಿಲ್ಲ. ಈ ಮಾತನ್ನು ಮನೆಮನೆಗೆ ಮುಟ್ಟಿಸಿರಿ.