ಚಿಪ್‌ನ ವಿಳಾಸ ಬರೆಯುವ ಕೈ ಯಾರದು?

(ಬ್ಯಾಡರಹಳ್ಳಿಯ ಯುವಜನರೆದುರು ಮಾಡಿದ ಭಾಷಣದ ಬರಹರೂಪ)



ಮೊದಲಿಗೆ ಒಂದು ಪ್ರಶ್ನೆ. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದ ಹೊಸಬನೊಬ್ಬ "8ನೇ ಅಡ್ಡರಸ್ತೆ, 12ನೇ ನಂಬರಿನ ಮನೆ ಎಲ್ಲಿ?" ಎಂದು ಕೇಳಿದರೆ ನೀವೇನು ಹೇಳುತ್ತೀರಿ? "ಯಾವ ಬಡಾವಣೆ ಸ್ವಾಮಿ?" ಎನ್ನುತ್ತೀರಿ. ಏಕೆಂದರೆ ನಮ್ಮೂರಿನಲ್ಲಿ ಬಡಾವಣೆ ಬದಲಾದರೆ ಅಡ್ಡರಸ್ತೆಯ ಎಣಿಕೆ ಮತ್ತೆ ಒಂದರಿಂದ ಶುರು. ಬರೀ ನಂಬರ್ ಸಾಲದು, ಅದು ಯಾವುದರ ಒಳಗಿದೆ ಎಂಬುದೂ ಬೇಕು.

ನಿಮ್ಮ ಜೇಬಿನ ಮೊಬೈಲಿಗೂ ಇದೇ ಪಾಡು. ಸ್ವಿಚ್ ಒತ್ತಿದಾಗ ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶ ಎದ್ದು ಕರ್ನಲ್ಲನ್ನು ಎಬ್ಬಿಸುತ್ತದೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಎದ್ದಾಗ ಅದಕ್ಕೆ ಕಣ್ಣಿಲ್ಲ! ಪ್ರೊಸೆಸರಿನಲ್ಲಿ ಎಷ್ಟು ಕೋರ್‌ಗಳಿವೆ, ಮೆಮೊರಿ ಎಲ್ಲಿಂದ ಶುರು, ಸೀರಿಯಲ್ ಪೋರ್ಟ್ ಯಾವ ವಿಳಾಸದಲ್ಲಿದೆ, ಅದು ಯಾವ ಇಂಟರಪ್ಟ್ ಸಾಲಿನಲ್ಲಿ ಗಂಟೆ ಬಾರಿಸುತ್ತದೆ, ಒಂದೂ ತಿಳಿಯದು. ಮೇಜಿನ ಮೇಲಿನ ಪಿಸಿಯಲ್ಲಿ ಫರ್ಮ್‌ವೇರ್ ಒಂದು ಪಟ್ಟಿ ಕೊಡುತ್ತದೆ, ಪಿಸಿಐ ಕಾರ್ಡ್‌ಗಳು ಕೇಳಿದರೆ ತಮ್ಮ ಗುರುತನ್ನು ತಾವೇ ಹೇಳುತ್ತವೆ. ಮೊಬೈಲ್ ಚಿಪ್‌ನೊಳಗಿನ ಬಹುಪಾಲು ಭಾಗಗಳು ಮೂಕ. ಅವುಗಳ ಪರವಾಗಿ ಯಾರಾದರೂ ಬರೆದುಕೊಡಲೇಬೇಕು.

ಬರೆದುಕೊಡುವವರು ಯಾರು? ಈ ಹೊತ್ತಿನ ನನ್ನ ಮಾತೆಲ್ಲ ಇದರ ಬಗ್ಗೆಯೇ.

ಇದು ದೂರದ ಅಮೆರಿಕದ ಕಥೆ ಅಂದುಕೊಳ್ಳಬೇಡಿ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಜನರೆದುರು ಇಟ್ಟರು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. 2004ರಲ್ಲಿ ಅದರ 'ಅಮಿಡಾ' ಮಾದರಿಯನ್ನು ತಯಾರಿಸಿದ್ದು ಯಾರು ಗೊತ್ತೇ? ಇಲ್ಲೇ ಪಕ್ಕದ ಬಿಇಎಲ್ ಬಡಾವಣೆ ಯಾರ ಹೆಸರು ಹೊತ್ತಿದೆಯೋ ಅದೇ ಭಾರತ್ ಎಲೆಕ್ಟ್ರಾನಿಕ್ಸ್!

ಆ ಕಾಲದ ಆರ್ಮ್ ಲಿನಕ್ಸ್‌ನಲ್ಲಿ ಪ್ರತಿ ಬೋರ್ಡಿಗೂ ಒಂದು ಸಂಖ್ಯೆ. ಬೂಟ್‌ಲೋಡರ್ ಆ ಸಂಖ್ಯೆಯನ್ನು ಕರ್ನಲ್‌ನ ಕಿವಿಗೆ ಹಾಕುತ್ತಿತ್ತು. ಬೋರ್ಡಿನ ವಿವರವೆಲ್ಲ ಕರ್ನಲ್‌ನ ಒಳಗೇ ಸಿ ಭಾಷೆಯಲ್ಲಿ ಬರೆದಿರಬೇಕಿತ್ತು. ಬೋರ್ಡಿನಲ್ಲಿ ಒಂದು ಜೋಡಣೆ ಬದಲಾದರೂ ಕರ್ನಲ್ಲನ್ನೇ ತಿದ್ದಬೇಕು! ಚಿಪ್‌ಗಳು ಹೆಚ್ಚಿದವು, ಕಡತಗಳು ಬೆಟ್ಟವಾದವು. 2011ರ ಮಾರ್ಚ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಿಗೆದ್ದು ಆರ್ಮ್ ವಿಭಾಗವನ್ನು ತರಾಟೆಗೆ ತೆಗೆದುಕೊಂಡರು. ಆಗ ಅವರ ಮುಂದಿದ್ದದ್ದು ಒಮ್ಯಾಪ್ ಚಿಪ್‌ಗಳ ಬದಲಾವಣೆ. ಅವು 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್‌ಗಳು.

ಪರಿಹಾರ ಹೊಸದೇನಲ್ಲ. 1994ರ ಓಪನ್ ಫರ್ಮ್‌ವೇರ್ ಮಾನದಂಡದಲ್ಲೇ 'ಡಿವೈಸ್ ಟ್ರೀ' ಇತ್ತು, ಪವರ್‌ಪಿಸಿ ಲಿನಕ್ಸ್ ಅದನ್ನು ಬಳಸುತ್ತಿತ್ತು. 2011ರ ನಂತರ ಆರ್ಮ್ ಕೂಡ ಅದೇ ದಾರಿ ಹಿಡಿಯಿತು. ಯಂತ್ರಾಂಶದ ವಿವರವನ್ನು ಕರ್ನಲ್‌ನ ಕೋಡಿನಿಂದ ಬೇರ್ಪಡಿಸಿ, ಮರದ ಹಾಗೆ ಕೊಂಬೆಗೆ ಕೊಂಬೆ ಸೇರಿಸಿ ಸರಳ ಪಠ್ಯದಲ್ಲಿ ಬರೆಯುವುದು. ಅದನ್ನು ಪುಟ್ಟ ಬೈನರಿ ಕಡತವಾಗಿಸಿ ಮೆಮೊರಿಯಲ್ಲಿಟ್ಟು, "ವಿವರ ಇಲ್ಲಿದೆ, ಓದಿಕೋ" ಎಂದು ಬೂಟ್‌ಲೋಡರ್ ಕರ್ನಲ್‌ಗೆ ತೋರಿಸುತ್ತದೆ.

ಒಂದು ಕೊಂಬೆ ನೋಡಿ. ಕ್ಯೂಎಮು ಎಂಬ ಉಚಿತ ತಂತ್ರಾಂಶದಲ್ಲಿ 'ವರ್ಟ್' ಎಂಬ ಕಾಲ್ಪನಿಕ ರಿಸ್ಕ್-ಫೈವ್ ಯಂತ್ರವಿದೆ. ಅದರ ಸೀರಿಯಲ್ ಪೋರ್ಟಿನ ವಿಳಾಸ, ಹದಿನಾರರ ಎಣಿಕೆಯಲ್ಲಿ, 10000000. ಇಂಟರಪ್ಟ್ ಸಂಖ್ಯೆ 10. ಮೆಮೊರಿ ಶುರುವಾಗುವುದು 80000000ದಿಂದ. ಪೋರ್ಟಿನ ಜಾತಕದಲ್ಲಿ 'ಕಂಪ್ಯಾಟಿಬಲ್' ಎಂಬ ಸಾಲು ಇದೆ. ಅಲ್ಲಿ 'ಎನ್ಎಸ್16550ಎ' ಎಂದಿದೆ. ಹಳೆಯ ಪಿಸಿಗಳಲ್ಲಿದ್ದ ಅದೇ ಸೀರಿಯಲ್ ಚಿಪ್‌ನ ಹೆಸರು! ಆ ಹೆಸರು ಓದಿದ ಕರ್ನಲ್, ತನ್ನಲ್ಲಿ ಮೊದಲೇ ಇರುವ ಡ್ರೈವರನ್ನು ತಂದು ಜೋಡಿಸುತ್ತದೆ. ಹೊಸ ಯಂತ್ರ, ಆದರೆ ಹೊಸ ಕೋಡು ಬೇಕಿಲ್ಲ. ಸರಿಯಾದ ಹೆಸರು ಸಾಕು.

ಹೆಸರು ಎಂದಮೇಲೆ ಅರ್ಥ ಕದಲಬಾರದು. ರಿಸ್ಕ್-ಫೈವ್‌ನಲ್ಲಿ ಪ್ರೊಸೆಸರಿನ ಸಾಮರ್ಥ್ಯವನ್ನು ಅಕ್ಷರಗಳ ಒಂದು ಸರದಲ್ಲಿ ಹೇಳುತ್ತಿದ್ದರು. ಮೂಲ ಸೂಚನೆಗಳಿಗೆ 'ಐ' ಎಂಬ ಅಕ್ಷರ. ಮುಂದೆ ಮಾನದಂಡ ಬರೆಯುವವರು 'ಐ'ಯೊಳಗಿದ್ದ ಕೆಲವು ಸೂಚನೆಗಳನ್ನು ಬೇರೆ ಹೆಸರಿಗೆ ಸರಿಸಿದರು. ಅಕ್ಷರ ಅದೇ, ಅರ್ಥ ಬೇರೆ! ಹಳೆಯ ಚಿಪ್ ಏನು ಹೇಳುತ್ತಿದೆ, ಹೊಸದು ಏನು ಹೇಳುತ್ತಿದೆ ಎಂದು ಕರ್ನಲ್ ತಿಳಿಯುವುದು ಹೇಗೆ? 2023ರಲ್ಲಿ ಲಿನಕ್ಸ್‌ನವರು ಒಂದೊಂದು ಸಾಮರ್ಥ್ಯಕ್ಕೂ ಪ್ರತ್ಯೇಕ ಹೆಸರು, ಪ್ರತಿ ಹೆಸರಿಗೂ ಒಂದೇ ಲಿಖಿತ ಅರ್ಥ ಎಂಬ ಪಟ್ಟಿ ತಂದರು. ಇದು ನಿಘಂಟಿನ ಕೆಲಸವೇ ಅಲ್ಲವೇ?

ಈಗ ನಮ್ಮ ಹೊಟ್ಟೆಯ ವಿಷಯಕ್ಕೆ ಬರೋಣ. 2018ರಲ್ಲಿ ಐಐಟಿ ಮದ್ರಾಸಿನ 'ಶಕ್ತಿ' ಚಿಪ್ ಮೇಲೆ ಲಿನಕ್ಸ್ ಎದ್ದು ನಿಂತಿತು. ಅದೂ ರಿಸ್ಕ್-ಫೈವ್ ಚಿಪ್. ನಮ್ಮ ದೇಶದಲ್ಲಿ ಇನ್ನೂ ಚಿಪ್‌ಗಳು ಬರುತ್ತವೆ. ಎಷ್ಟೇ ಒಳ್ಳೆಯ ಚಿಪ್ ಆದರೂ ಅದರ ವಿವರ ಬರೆಯದಿದ್ದರೆ ಲಿನಕ್ಸ್‌ನ ಪಾಲಿಗೆ ಬರೀ ಮರಳು!

ಇನ್ನೊಂದು ಮುಖವೂ ಇದೆ. ಚಿಪ್‌ನ ವಿವರವೂ ಡ್ರೈವರುಗಳೂ ಮೂಲ ಲಿನಕ್ಸ್‌ಗೆ ಸೇರದೆ ಕಂಪನಿಯ ಬಳಿಯೇ ಉಳಿದರೆ ಏನಾಗುತ್ತದೆ? ಕಂಪನಿ ಕೈಬಿಟ್ಟ ದಿನ ನಿಮ್ಮ ಮೊಬೈಲಿಗೆ ಹೊಸ ಕರ್ನಲ್ ಬರುವ ದಾರಿ ಬಹುತೇಕ ಮುಚ್ಚಿತು. ಪ್ರೊಸೆಸರ್ ಗಟ್ಟಿಮುಟ್ಟಾಗಿದ್ದರೂ ನೀವು ಕಂತು ಕಟ್ಟಿ ಕೊಂಡ ಸಾಮಾನು ಗುಜರಿಗೆ. ನಷ್ಟ ಯಾರಿಗೆ? ನಿಮಗೆ!

ಹಾಗಾಗಿ ಗೆಳೆಯರೇ, ಈ ಕೆಲಸ ಕಲಿಯಿರಿ. "ಅದು ದೊಡ್ಡ ಕಾಲೇಜಿನವರ ವಿದ್ಯೆ, ನಮಗೆ ಇಂಗ್ಲಿಷ್ ಸಾಲದು" ಎಂಬ ಕೀಳರಿಮೆ ಬಿಡಿ. ಇಲ್ಲಿರುವ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು, ಉಳಿದದ್ದು ಲೆಕ್ಕ ಮತ್ತು ಶ್ರದ್ಧೆ. ಯಾವುದು ಯಾವುದರ ಒಳಗಿದೆ ಎಂದು ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಒಬ್ಬರಿಗೊಬ್ಬರು ಹೇಳಿಕೊಡಿ. ಬೋರ್ಡ್ ಕೊಳ್ಳಲು ದುಡ್ಡಿಲ್ಲವೇ? ಕ್ಯೂಎಮು ಸಾಕು, ತನ್ನ ಮರವನ್ನು ಅದೇ ಕಡತವಾಗಿ ಕೊಡುತ್ತದೆ. ಡಿಟಿಸಿ ಎಂಬ ಉಚಿತ ಸಾಧನದಿಂದ ಅದನ್ನು ಮತ್ತೆ ಪಠ್ಯವಾಗಿಸಿ. ಸೀರಿಯಲ್ ಪೋರ್ಟಿನ ವಿಳಾಸ ಹುಡುಕಿ. ಒಂದು ಅಂಕಿ ತಪ್ಪಾಗಿ ಬರೆದು, ಪರದೆ ಹೇಗೆ ಮೌನವಾಗುತ್ತದೆ ನೋಡಿ. ತಿದ್ದಿ, ಮತ್ತೆ ಮಾತಾಡಿಸಿ.

ಲಿನಕ್ಸ್‌ಗೆ ತಿದ್ದುಪಡಿ ಕಳಿಸಲು ಯಾರ ಶಿಫಾರಸೂ ಬೇಕಿಲ್ಲ. ಬರೆದದ್ದು ಸರಿಯೇ ಎಂದಷ್ಟೇ ನೋಡುತ್ತಾರೆ. ಬರೆದವರ ಹೆಸರು ಅಲ್ಲಿ ದಾಖಲಾಗಿ ಉಳಿಯುತ್ತದೆ. ಆ ದಾಖಲೆಯಲ್ಲಿ ಬ್ಯಾಡರಹಳ್ಳಿಯ ಹುಡುಗ ಹುಡುಗಿಯರ ಹೆಸರೂ ಬರಲಿ.